ಬೆಂಕಿ ಎರಡು ನಿಮಿಷ, ಮಸಿ ಒಂದು ತಿಂಗಳು

ದಾವಣಗೆರೆಯಲ್ಲಿ ಸಂಜೆ ಅಂದ್ರೆ ಮಂಡಕ್ಕಿ, ಮೆಣಸಿನಕಾಯಿ ಅಲ್ವಾ. ಅವತ್ತು ಎಣ್ಣೆ ಕಾಯಲು ಇಟ್ಟು, ಫೋನ್ ಬಂತು ಅಂತ ಹೊರಗೆ ಹೋದೆ. ವಾಪಸ್ ಬಂದಾಗ ಬಾಣಲೆ ಹತ್ತಿಕೊಂಡು ಉರಿಯುತ್ತಿತ್ತು. ಮಗ ಬಿಂದಿಗೆ ಎತ್ತಿದ. ನಮ್ಮತ್ತೆ "ನೀರು ಹಾಕಬ್ಯಾಡೋ" ಅಂತ ಕೂಗಿದರು. ಉರಿಯುವ ಎಣ್ಣೆಗೆ ನೀರು ಬಿದ್ದರೆ ಬೆಂಕಿ ಸೂರಿಗೇ ಹಾರುತ್ತದೆ. ಗ್ಯಾಸ್ ಆಫ್ ಮಾಡಿ, ದೊಡ್ಡ ಸ್ಟೀಲ್ ತಟ್ಟೆ ಮುಚ್ಚಿದೆ. ಆರಿತು.

ತಲೆ ಎತ್ತಿ ನೋಡಿದರೆ ಗೋಡೆ ನಮ್ಮೂರ ಮಂಡಕ್ಕಿ ಭಟ್ಟಿ ತರ ಕಪ್ಪಗಾಗಿತ್ತು.

ಗಾಬರಿಯಲ್ಲಿ ಒದ್ದೆ ಬಟ್ಟೆ ತಗೊಂಡು ಒರೆಸಿದೆ, ಅದೇ ನಾನು ಮಾಡಿದ ದೊಡ್ಡ ತಪ್ಪು. ಇದು ಜಿಡ್ಡಿನ ಮಸಿ. ಒಂದು ಅಂಗೈಯಗಲ ಇದ್ದ ಕಲೆ ಮೊಳದುದ್ದ ಹರಡಿ ಡಿಸ್ಟೆಂಪರ್ ಒಳಗೆ ಇಳಿದುಬಿಟ್ಟಿತು. ಮಾರನೇ ದಿನ ಬುದ್ಧಿ ಬಂತು. ಫ್ಯಾನ್ ಹಾಕದೆ, ನೆಲಕ್ಕೆ ಪೇಪರ್ ಹಾಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಷ್‌ನಲ್ಲಿ ಮೇಲಿನಿಂದ ಕೆಳಗೆ ಮೆಲ್ಲಗೆ ಉದುರಿಸಿದೆ. ಆಮೇಲೆ ಗ್ಲೌಸ್ ಹಾಕಿಕೊಂಡು ಬಿಸಿನೀರು, ವಾಷಿಂಗ್ ಸೋಡಾ. ಟೈಲ್ಸ್ ಮೇಲಿನ ಮಸಿ ಚೆನ್ನಾಗಿ ಬಿಟ್ಟಿತು, ಗೋಡೆಯದು ಅರ್ಧಂಬರ್ಧ.

ಪೇಂಟರ್ ಬಂದು ನೋಡಿ, ಸುಮ್ನೆ ಬಣ್ಣ ಬಳಿದರೆ ಸ್ವಲ್ಪ ದಿನಕ್ಕೆ ಹಳದಿ ಕಲೆ ಮತ್ತೆ ಮೇಲೆ ಬರುತ್ತದೆ, ಮೊದಲು ಆಯಿಲ್ ಪ್ರೈಮರ್ ಹೊಡೀಬೇಕು ಅಂದರು. ಎರಡು ಕೋಟ್ ಹೊಡೆಸಿದೆ.

ಎಕ್ಸಾಸ್ಟ್ ಫ್ಯಾನಿನ ವೈರ್ ಕರಗಿತ್ತು. ಎಲೆಕ್ಟ್ರಿಷಿಯನ್ ನೋಡುವ ತನಕ ಅಡುಗೆಮನೆಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ ಆಫ್. ಗ್ಯಾಸ್ ಪೈಪು ಕಣ್ಣಿಗೆ ಸರಿ ಇದ್ದರೂ ಬಿಸಿ ತಗಲಿತ್ತಲ್ಲ, ಬದಲಾಯಿಸಿಯೇ ಒಲೆ ಹಚ್ಚಿದ್ದು. ಗ್ಯಾಸ್ ವಾಸನೆ ಬಂದರೆ 1906ಕ್ಕೆ, ಬೆಂಕಿ ಕೈಮೀರಿದರೆ 112ಕ್ಕೆ ಫೋನ್ ಮಾಡಬೇಕು, ಇದನ್ನು ಫ್ರಿಜ್ ಮೇಲೆ ಅಂಟಿಸಿದ್ದೇನೆ. ಮುಚ್ಚಳ ತೆರೆದಿದ್ದ ಡಬ್ಬಿಗಳ ಹಿಟ್ಟು, ಖಾರದಪುಡಿ ಎಲ್ಲ ಬಿಸಾಡಿದೆ. ಉಪ್ಪಿನಕಾಯಿ ಜಾಡಿ ವಿಷಯಕ್ಕೆ ನಮ್ಮತ್ತೆ ಎರಡು ದಿನ ಮಾತು ಬಿಟ್ಟರು.

ಗ್ಯಾಸ್ ಕನೆಕ್ಷನ್‌ಗೆ ವಿಮೆ ಇರುತ್ತದಲ್ಲ ಅಂತ ವಿಚಾರಿಸಿದೆ. ಅದು ಗ್ಯಾಸಿನಿಂದಲೇ ಆದ ಅನಾಹುತಕ್ಕೆ, ಎಣ್ಣೆ ಹತ್ತಿಕೊಂಡಿದ್ದಕ್ಕಲ್ಲವಂತೆ. ಮನೆಗೆ ಬೇರೆ ವಿಮೆ ಇರುವವರು ಒರೆಸುವ ಮೊದಲೇ ಫೋಟೋ ತೆಗೆದುಕೊಳ್ಳಿ.

ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ಮೊನ್ನೆ ಮಳೆ ಬಂದಾಗ ಮತ್ತೆ ಸುಟ್ಟ ವಾಸನೆ. ಹುಡುಕಿದರೆ ಅಟ್ಟದ ಹಲಗೆಯ ಅಡಿಭಾಗ ಒರೆಸುವುದೇ ಮರೆತಿತ್ತು. ಈ ಭಾನುವಾರ ಅದನ್ನು ಉಜ್ಜಿ, ಉಳಿದ ಪ್ರೈಮರ್ ಅಲ್ಲಿಗೇ ಬಳಿಯಬೇಕು.