7010 ಚಿಪ್ಪಿನಲ್ಲೇ ಹಿಡಿಸಿದೆ: ಹಾರ್ಡ್‌ವೇರ್ ಅಂದಾಜಿನ ನನ್ನ ಅನುಭವ

ಗೇರುಬೀಜದ ತಿರುಳು ವಿಂಗಡಿಸುವ ನಮ್ಮ ಮೆಷಿನ್ ಕೊನೆಗೂ ಝಿಂಕ್ (Zynq) 7010 ಚಿಪ್ಪಿನಲ್ಲೇ ಓಡುತ್ತಿದೆ. ಅದರಲ್ಲಿ ಆರ್ಮ್ ಪ್ರೊಸೆಸರ್ ಮತ್ತು ಎಫ್‌ಪಿಜಿಎ (ಬೇಕಾದ ಸರ್ಕ್ಯೂಟನ್ನು ನಾವೇ ಕಟ್ಟಿಕೊಳ್ಳುವ ಭಾಗ) ಎರಡೂ ಇವೆ. ಬೈಕಂಪಾಡಿಯ ನಮ್ಮ ಶೆಡ್ಡಿನಲ್ಲಿ ಇದನ್ನು ಯಾರೂ ನಂಬಿರಲಿಲ್ಲ. "ಎಂತ ಲೆಕ್ಕ ಮಾರಾಯ್ರೆ, ಸುಮ್ನೆ 7020 ಹಾಕಿ" ಅಂತ ಪಾಲುದಾರರು ಹೇಳುತ್ತಲೇ ಇದ್ದರು. 7020 ಅದೇ ಸಾಲಿನ ದೊಡ್ಡ ಚಿಪ್. ಆದರೆ ಬೋರ್ಡೊಂದಕ್ಕೆ ಐದಾರು ಸಾವಿರ ರೂಪಾಯಿ ಜಾಸ್ತಿ ಬೀಳುತ್ತದೆ. ಕಾರ್ಕಳ ಕಡೆಯ ಸಣ್ಣ ಫ್ಯಾಕ್ಟರಿಯವರಿಗೆ ಮಾರುವಾಗ ಅದು ಸಣ್ಣ ದುಡ್ಡಲ್ಲ.

ಪ್ರೋಗ್ರಾಮಿನಲ್ಲಿ ಒಟ್ಟು ಒಂಬತ್ತು ಫಂಕ್ಷನ್ (ಒಂದೊಂದು ಕೆಲಸದ ತುಣುಕು). ಯಾವುದನ್ನು ಆರ್ಮ್ ಪ್ರೊಸೆಸರಿಗೆ ಬಿಡಬೇಕು, ಯಾವುದನ್ನು ಎಫ್‌ಪಿಜಿಎಗೆ ಹಾಕಬೇಕು ಅಂತ ಹಂಚಲು 512 ದಾರಿ. ಕೋಡನ್ನು ಸರ್ಕ್ಯೂಟಾಗಿ ಬದಲಿಸುವುದಕ್ಕೆ ಸಿಂಥೆಸಿಸ್ ಅನ್ನುತ್ತಾರೆ. ಒಂದು ಸಿಂಥೆಸಿಸ್‌ಗೆ ನನ್ನ ಕಂಪ್ಯೂಟರಿನಲ್ಲಿ ಅರ್ಧ ಗಂಟೆ. ಎಲ್ಲವನ್ನೂ ಓಡಿಸಿದರೆ ಹತ್ತು ದಿನಕ್ಕಿಂತ ಜಾಸ್ತಿ ಹಗಲು ರಾತ್ರಿ ಬೇಕು. ಹಾಗಾಗಿ ಎಲ್ಲರೂ ಒಂದೊಂದನ್ನೇ ಸಿಂಥೆಸೈಸ್ ಮಾಡಿ ಕೂಡಿಸಿಬಿಡುತ್ತಾರೆ. ಎಫ್‌ಪಿಜಿಎಗೆ ಹಾಕಬೇಕಾದ ಆರನ್ನು ಹಾಗೆ ಕೂಡಿಸಿದಾಗ 21,000 ಲಟ್ (LUT, ಎಫ್‌ಪಿಜಿಎಯಲ್ಲಿ ಸರ್ಕ್ಯೂಟ್ ಕಟ್ಟುವ ಸಣ್ಣ ಘಟಕ) ಆಸುಪಾಸು ಬಂತು. 7010ರಲ್ಲಿ ಇರುವುದೇ 17,600.

ಆ ಮೊತ್ತ ಸುಳ್ಳು. ಪ್ರತಿ ಫಂಕ್ಷನ್ನೂ ತನ್ನದೇ ಬಸ್ ಇಂಟರ್‌ಫೇಸ್ (ಡೇಟಾ ಸಾಗಿಸುವ ಜೋಡಣೆ), ತನ್ನದೇ ಡಿವೈಡರ್ (ಭಾಗಾಕಾರದ ಸರ್ಕ್ಯೂಟ್) ಹೊತ್ತುಕೊಂಡು ಬರುತ್ತದೆ. ಬಣ್ಣ ಬದಲಿಸುವುದು, 3×3 ಫಿಲ್ಟರ್ ಇವು ಪ್ರತಿ ಕ್ಲಾಕಿಗೂ ಓಡಬೇಕು, ಅಲ್ಲಿ ಹಂಚಿಕೊಳ್ಳಲು ಏನೂ ಇಲ್ಲ. ಆದರೆ ತಿರುಳಿನ ವಿಸ್ತೀರ್ಣ, ಉದ್ದ-ಅಗಲ, ಸರಾಸರಿ ಬಣ್ಣ ಇವೆಲ್ಲ ತಿರುಳಿಗೊಂದೇ ಸಲ, ಒಂದಾದ ಮೇಲೊಂದು. ಪೈಪ್‌ಲೈನ್ ಮಾಡಿದ (ಕೆಲಸವನ್ನು ಹಂತ ಹಂತವಾಗಿ ಹಂಚಿದ) 32 ಬಿಟ್ ಡಿವೈಡರ್ ಸಾವಿರ ಲಟ್ ದಾಟುತ್ತದೆ. ಇವಕ್ಕೆಲ್ಲ ಒಂದೇ ಸಾಕು ಅಲ್ವಾ?

ನಾನು ಶೀಟಿನಲ್ಲಿ ಫಂಕ್ಷನ್ನಿಗೊಂದು ಸಾಲು ಇಟ್ಟೆ: ಯಾವ ಯೂನಿಟ್, ಎಷ್ಟು ಬಿಟ್, ಎಷ್ಟು ಸ್ಟೇಟ್ (ಕಂಟ್ರೋಲಿನ ಹಂತ), ಇನ್‌ಪುಟ್ ಎಲ್ಲಿಂದ. ಒಂದು ಫಂಕ್ಷನ್ ಹಾರ್ಡ್‌ವೇರಿಗೆ ಬಂದರೆ ಮೊದಲಿಂದ ಲೆಕ್ಕ ಹಾಕುವುದಿಲ್ಲ. ಈಗಾಗಲೇ ಇರುವುದಕ್ಕೆ ಹೊಸದಾಗಿ ಏನು ಸೇರಿತು ಅಷ್ಟೇ. ಒಂದು ಪೈಥಾನ್ ಸ್ಕ್ರಿಪ್ಟ್ 512ನ್ನೂ ಚಹಾ ಕುಡಿಯುವುದರೊಳಗೆ ನೋಡಿ ಮುಗಿಸುತ್ತದೆ.

ಶುರುವಿನಲ್ಲಿ ಶೀಟ್ ಹೇಳಿದ್ದು 11,000. ಬೋರ್ಡಿನಲ್ಲಿ ಅದಕ್ಕಿಂತ ತುಂಬಾ ಜಾಸ್ತಿ. ಮಕ್ಸ್‌ಗಳು (ಹಲವು ಇನ್‌ಪುಟ್‌ಗಳಲ್ಲಿ ಒಂದನ್ನು ಆರಿಸುವ ಸ್ವಿಚ್ಚುಗಳು) ತಿಂದಿದ್ದವು. 32 ಬಿಟ್ ಆ್ಯಡರ್‌ಗೆ (ಕೂಡುವ ಸರ್ಕ್ಯೂಟಿಗೆ) 32 ಲಟ್. ನಾಲ್ಕು ಕಡೆಯವರು ಒಂದನ್ನೇ ಹಂಚಿಕೊಂಡರೆ 96 ಉಳಿಯುತ್ತದೆ. ಆದರೆ ಎರಡೂ ಬದಿಗೆ 4:1 ಮಕ್ಸ್ ಹಾಕಲು 64 ಹೋಗುತ್ತದೆ, ಮೇಲಿಂದ ಕಂಟ್ರೋಲ್ ಬೇರೆ. ಆ್ಯಡರ್ ಹಂಚುವುದನ್ನು ಅಲ್ಲಿಗೇ ಬಿಟ್ಟೆ. ಡಿವೈಡರ್, ಬಸ್ ಇಂಟರ್‌ಫೇಸ್, ದೊಡ್ಡ ಬಫರ್ (ತಾತ್ಕಾಲಿಕ ಮೆಮೊರಿ), ಇಷ್ಟನ್ನೇ ಹಂಚುತ್ತೇನೆ. ಸ್ಟೇಟ್ ಎಣಿಸಿ ಕಂಟ್ರೋಲಿಗೆ ಎಷ್ಟು ಲಟ್ ಹಿಡಿಯುತ್ತೇನೆ ಎಂಬ ಸೂತ್ರವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಇಡೀ ಮಳೆಗಾಲ ಹೋಗಿದೆ.

ಕೊನೆಯ ಅಂದಾಜು 13,500 ಹತ್ತಿರ ಇತ್ತು. ಪ್ಲೇಸ್-ರೂಟ್ (ಚಿಪ್ಪಿನ ಮೇಲೆ ಸರ್ಕ್ಯೂಟನ್ನು ಜೋಡಿಸಿ ತಂತಿ ಹಾಕುವ ಕೊನೆಯ ಹಂತ) ಮುಗಿದ ಮೇಲೆ ಬಂದದ್ದು 14,200 ಚಿಲ್ಲರೆ. ಪಾಲುದಾರರು ವರದಿಯನ್ನು ಎರಡೆರಡು ಸಲ ನೋಡಿದರು.

ಅಡಿಕೆಗೂ ಇದೇ ಚಿಪ್ ಸಾಲುತ್ತದಾ ಅಂತ ಲೆಕ್ಕ ಹಾಕಿದ್ದೇನೆ. ಅಲ್ಲಿ 5×5 ಫಿಲ್ಟರ್ ಬೇಕು, ನಾಲ್ಕು ಸಾಲಿನ ಬಫರ್. ಬ್ಲಾಕ್ ರ್‍ಯಾಮ್ (ಚಿಪ್ಪಿನೊಳಗಿನ ಮೆಮೊರಿ) 60 ಇದೆ, ತೊಂದರೆ ಇಲ್ಲ. ಆದರೆ ಲಟ್ 16,000ಕ್ಕೆ ಹೋಗುತ್ತದೆ. ಅಷ್ಟು ತುಂಬಿದರೆ ಟೈಮಿಂಗ್ (ಒಂದು ಕ್ಲಾಕಿನೊಳಗೆ ಸಿಗ್ನಲ್ ತಲುಪುವುದು) ಸಿಗುವುದು ಕಷ್ಟ. ಅಡಿಕೆ ಮೆಷಿನ್ನಿಗೆ 7020ನ್ನೇ ತರಿಸುತ್ತೇನೆ.