ಹಿರಿಯರ ಶಟಲ್ ಕ್ಲಬ್ ನಡೆಸುವುದು: ಬೆಂಚಿನ ಲೆಕ್ಕ

ಹಿರಿಯರ ಶಟಲ್ ಕ್ಲಬ್‌ಗಳಲ್ಲಿ ಜಗಳ ಹುಟ್ಟುವ ಜಾಗ ಬೆಂಚು. ಐದು ಗಂಟೆಗೆ ಎದ್ದು, ಸ್ಕೂಟರ್ ಹತ್ತಿ ಬಂದು, ಮುಕ್ಕಾಲು ಗಂಟೆ ಕೂತು, ಒಂದೇ ಆಟ ಆಡಿ ಮನೆಗೆ ಹೋದವರು ವಾರದೊಳಗೆ ವಾಕಿಂಗ್ ಗುಂಪಿಗೆ ಸೇರಿಕೊಳ್ಳುತ್ತಾರೆ. ಇನ್ನೊಂದು ಅಪಾಯವೂ ಅಲ್ಲೇ ಇದೆ. ಬೆಚ್ಚಗಾದ ಮೈ ಮುಕ್ಕಾಲು ಗಂಟೆ ಕೂತರೆ ತಣ್ಣಗಾಗುತ್ತದೆ. ಎದ್ದವರೇ ನೆಟ್ ಪಕ್ಕ ಬೀಳುವ ಮೊದಲ ಡ್ರಾಪ್‌ಗೆ ಹಾರಿದಾಗ ಮೀನಖಂಡ ಹಿಡಿದುಕೊಳ್ಳುತ್ತದೆ, ಇಲ್ಲವೇ ಹಿಮ್ಮಡಿಯ ಮೇಲಿನ ನರ ‘ಟಕ್’ ಎನ್ನುತ್ತದೆ. ಹಾಗಾಗಿ ಬಳ್ಳಾರಿಯಂಥ ಊರಲ್ಲಿ ಒಂದು ಕೋರ್ಟ್ ಹಿಡಿದು ಕ್ಲಬ್ ಶುರು ಮಾಡುವವರು ಲೆಟರ್‌ಹೆಡ್, ಟೀ ಶರ್ಟ್‌ಗಳಿಗಿಂತ ಮೊದಲು ಬೆಂಚಿನ ಲೆಕ್ಕ ಹಾಕಬೇಕು.

ಲೆಕ್ಕ ಸರಳ. ಬೆಳಗ್ಗೆ 5.45ರಿಂದ 7.45, ಅಂದರೆ 120 ನಿಮಿಷ. ಅರವತ್ತರ ಆಸುಪಾಸಿನವರ ಡಬಲ್ಸ್, 21 ಅಂಕದ ಒಂದು ಗೇಮು, ಇಳಿಯುವುದು ಹತ್ತುವುದು ಸೇರಿ 15 ನಿಮಿಷ ಹಿಡಿಯಿರಿ. ಎಂಟು ಆಟ, ಆಟಕ್ಕೆ ನಾಲ್ವರು, ಒಟ್ಟು 32 ಅವಕಾಶ. ಹನ್ನೆರಡು ಜನ ಬಂದರೆ ತಲೆಗೆ ಎರಡೂವರೆಗಿಂತ ಸ್ವಲ್ಪ ಹೆಚ್ಚು ಆಟ, ಹದಿನಾರು ಜನ ಬಂದರೆ ಎರಡು, ಇಪ್ಪತ್ತು ಬಂದರೆ ಸುಮಾರು ಒಂದೂವರೆ. ಹದಿನಾರು ಜನರಿದ್ದಾಗ ಒಮ್ಮೆ ಇಳಿದವರು ಮೂರು ಆಟ ಕಾಯಬೇಕು, ಅಂದರೆ 45 ನಿಮಿಷ. ಅದೇ ದಿನ ಗೇಮನ್ನು 15 ಅಂಕಕ್ಕೆ ಇಳಿಸಿದರೆ ಆಟ 11 ನಿಮಿಷಕ್ಕೆ ಮುಗಿಯುತ್ತದೆ. ಕಾಯುವುದು 33 ನಿಮಿಷಕ್ಕೆ ಇಳಿದು, ತಲೆಗೆ ಮೂರರ ಹತ್ತಿರ ಆಟ ಸಿಗುತ್ತವೆ. ಆದ್ದರಿಂದ ಒಂದೇ ನಿಯಮ ಗೋಡೆಗೆ ಬರೆದು ಹಾಕಿ: ಬೆಂಚಿನಲ್ಲಿ ಎಂಟು ಜನ ದಾಟಿದರೆ 15, ಇಲ್ಲದಿದ್ದರೆ 21. ಬೆಸ್ಟ್ ಆಫ್ ತ್ರೀ ಬೇಡವೇ ಬೇಡ. 20-20 ಆದಾಗ ಎರಡು ಅಂಕದ ಅಂತರಕ್ಕಾಗಿ 30ರ ತನಕ ಎಳೆಯುವುದು ಟೂರ್ನಮೆಂಟಿಗಿರಲಿ. ಬೆಳಗಿನ ಆಟದಲ್ಲಿ ಮೊದಲು 21 ಮುಟ್ಟಿದವರು ಗೆದ್ದರು. ಒಂದು ಕೋರ್ಟಿಗೆ ಸದಸ್ಯರು 18ಕ್ಕೆ ನಿಲ್ಲಲಿ. ದಿನವೂ ನಾಲ್ಕೈದು ಜನ ಊರಲ್ಲಿರುವುದಿಲ್ಲ, ಮದುವೆ, ಮೊಮ್ಮಕ್ಕಳು, ಆಸ್ಪತ್ರೆ. ಬರುವವರು ಹದಿಮೂರು ಹದಿನಾಲ್ಕು ಉಳಿಯುತ್ತಾರೆ.

ಬಿಲ್ಲೆ ಹಲಗೆ

ಸರದಿಗೆ ರಾಕೆಟ್‌ಗಳನ್ನು ಸಾಲಾಗಿ ಇಡುವ ಪದ್ಧತಿ ಹಲವು ಕಡೆ ಇದೆ. ಅದು ಕೆಡುವುದು ಹೇಗೆಂದರೆ, ಯಾರೋ ಗ್ರಿಪ್ ನೋಡಲು ರಾಕೆಟ್ ಎತ್ತುತ್ತಾರೆ, ವಾಪಸ್ ಇಡುವಾಗ ಎರಡು ಸ್ಥಾನ ಮುಂದೆ ಬಂದಿರುತ್ತದೆ. ಕೇಳಿದರೆ ಬೇಜಾರು, ಕೇಳದಿದ್ದರೂ ಬೇಜಾರು. ಎರಡು ಅಡಿಗೆ ಒಂದೂವರೆ ಅಡಿಯ ಪ್ಲೈವುಡ್ ತುಂಡಿಗೆ ಸಾಲಿಗೆ ನಾಲ್ಕರಂತೆ ಐದು ಸಾಲು ಮೊಳೆ ಹೊಡೆಯಿರಿ. ಮೇಲಿನ ಸಾಲು ‘ಕೋರ್ಟ್’, ಅದರ ಕೆಳಗಿನದು ‘ಮುಂದಿನ ಆಟ’, ಉಳಿದವು ಬೆಂಚು. ಪ್ರತಿ ಸದಸ್ಯರಿಗೆ ಒಂದು ಬಿಲ್ಲೆ. ಒಂದು ಮುಖ ಬಿಳಿ, ಇನ್ನೊಂದು ಕೆಂಪು, ಎರಡೂ ಕಡೆ ಹೆಸರು ಮತ್ತು ಆಟದ ದರ್ಜೆ 1ರಿಂದ 4. ಬಂದವರು ತಮ್ಮ ಬಿಲ್ಲೆ ತಾವೇ ತೂಗು ಹಾಕಬೇಕು. ‘ಅವರು ದಾರೀಲಿ ಬರಾಕತ್ತಾರ’ ಎಂದು ಬೇರೆಯವರ ಬಿಲ್ಲೆ ಹಾಕುವುದನ್ನು ಮೊದಲ ದಿನವೇ ನಿಲ್ಲಿಸಿ.

ಆಡಿ ಇಳಿದ ನಾಲ್ವರನ್ನು ಹಾಗೇ ಸಾಲಿನ ಕೊನೆಗೆ ಕಳಿಸಿದರೆ ಅದೇ ನಾಲ್ವರು ವರ್ಷಪೂರ್ತಿ ಒಟ್ಟಿಗೇ ಆಡುತ್ತಾರೆ. ಅದಕ್ಕೊಂದು ಸಡಿಲು ಬೇಕು. ಸಾಲಿನ ಮೊದಲನೆಯವರು ಕಡ್ಡಾಯವಾಗಿ ಕೋರ್ಟಿಗೆ ಹೋಗಲಿ; ಉಳಿದ ಮೂವರನ್ನು ಮುಂದಿನ ಐವರಲ್ಲಿ ಯಾರನ್ನಾದರೂ ಆ ದಿನದ ಸರದಿ ನೋಡುವವರು ಆರಿಸಲಿ. ಹೀಗೆ ಆರಿಸುವಾಗ ದಾಟಿ ಬಿಟ್ಟವರ ಬಿಲ್ಲೆಯನ್ನು ಕೆಂಪು ಮುಖಕ್ಕೆ ತಿರುಗಿಸಬೇಕು. ಕೆಂಪು ಬಿಲ್ಲೆಯನ್ನು ಇನ್ನೊಮ್ಮೆ ದಾಟುವಂತಿಲ್ಲ. ‘ನಂದಿನ್ನೂ ಒಂದೇ ಆಟ ಆಗೈತ್ರೀ’ ಎಂದು ಯಾರಾದರೂ ಅಂದರೆ ಹಲಗೆ ತೋರಿಸಿದರೆ ಸಾಕು. ಸರದಿ ನೋಡುವ ಕೆಲಸ ವಾರಕ್ಕೊಬ್ಬರಂತೆ ತಿರುಗಲಿ. ಅಧ್ಯಕ್ಷರಿಗೆ ಕೊಡಬೇಡಿ, ಅವರಿಗೆ ಇಲ್ಲ ಎನ್ನಲು ಬರುವುದಿಲ್ಲ.

ಜೋಡಿ ಮಾಡುವಾಗ ದರ್ಜೆ ಕೂಡಿಸಿ. ನಾಲ್ವರಲ್ಲಿ ಬಲಿಷ್ಠರು ಮತ್ತು ದುರ್ಬಲರು ಒಂದು ಕಡೆ, ನಡುವಿನ ಇಬ್ಬರು ಇನ್ನೊಂದು ಕಡೆ: 1+4 ಎದುರು 2+3. 21-6ರ ಆಟ ಬೇಗ ಮುಗಿಯುತ್ತದೆ ನಿಜ, ಆದರೆ ಆ ನಾಲ್ವರಲ್ಲಿ ಯಾರಿಗೂ ಬೆವರು ಬಂದಿರುವುದಿಲ್ಲ. ಮೊಣಕಾಲು ಆಪರೇಷನ್ ಆದವರು ನೆಟ್ ಹತ್ತಿರ, ಓಡಬಲ್ಲವರು ಹಿಂದೆ. ಮಹಿಳೆಯರ ಬಿಲ್ಲೆಗಳೂ ಅದೇ ಹಲಗೆಯಲ್ಲಿರಲಿ. ಅವರಿಗೆ ಕೊನೆಯ ಅರ್ಧ ಗಂಟೆ ಎತ್ತಿಟ್ಟ ಕ್ಲಬ್‌ಗೆ ಮೂರು ತಿಂಗಳಾದ ಮೇಲೆ ಮಹಿಳೆಯರು ಬರುವುದಿಲ್ಲ.

ನಿಮಿಷ ಸೋರುವ ಜಾಗಗಳು

ಆಟದ ಒಳಗೆ ಸಮಯ ತಿನ್ನುವುದು ಶಟಲ್ ಕಾಕ್ ನೆಲ ಮುಟ್ಟುವ ತನಕ ನಡೆಯುವ ರ್‍ಯಾಲಿಯಲ್ಲ, ರ್‍ಯಾಲಿಗಳ ನಡುವಿನ ಮಾತು. ಅದರಲ್ಲೂ ‘ಸರ್ವಿಸ್ ಯಾರದು?’ ಎಂಬ ಪ್ರಶ್ನೆ. ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಕಾಲದಲ್ಲಿ ರಾಕೆಟ್ ಹಿಡಿದವರು ಇವತ್ತಿನ ಹಿರಿಯರು. ಅವರ ಕೈಗೆ ಕೂತಿರುವುದು ಸರ್ವಿಸ್ ಇದ್ದವರಿಗಷ್ಟೇ ಅಂಕ ಸಿಗುವ, 15ರ ಹಳೆಯ ಲೆಕ್ಕ. ಜೋಡಿಗೆ ಎರಡು ಸರ್ವಿಸ್, ‘ಸೆಕೆಂಡ್ ಹ್ಯಾಂಡ್’ (ಜೊತೆಗಾರರ ಎರಡನೇ ಸರದಿ) ಎಲ್ಲ ಇತ್ತು. 2006ರಿಂದ ಪ್ರತಿ ರ್‍ಯಾಲಿಗೂ ಅಂಕ, ಜೋಡಿಗೆ ಒಂದೇ ಸರ್ವಿಸ್. ನೆನಪಿಡಬೇಕಾದದ್ದು ಇಷ್ಟು: ಸರ್ವಿಸ್ ಮಾಡುವ ಜೋಡಿಯ ಅಂಕ ಸರಿಸಂಖ್ಯೆಯಾದರೆ ಬಲಗಡೆಯಿಂದ, ಬೆಸವಾದರೆ ಎಡಗಡೆಯಿಂದ. ಸರ್ವಿಸ್ ಇರುವ ಜೋಡಿ ಅಂಕ ಗೆದ್ದಾಗ ಮಾತ್ರ ಅವರಿಬ್ಬರು ಜಾಗ ಬದಲಿಸುತ್ತಾರೆ. ಎದುರಿನವರು ಬದಲಿಸುವುದೇ ಇಲ್ಲ. ಸರ್ವಿಸ್ ಎದುರಾಳಿಗೆ ಹೋದಾಗ ಯಾರೂ ಕದಲುವುದಿಲ್ಲ, ನಿಂತಲ್ಲೇ ಆಟ. ತಪ್ಪು ಜಾಗದಿಂದ ಆಡಿದ್ದು ಆಮೇಲೆ ಗೊತ್ತಾದರೆ ಜಾಗ ಸರಿಮಾಡಿಕೊಳ್ಳಿ, ಅಂಕ ಹಾಗೇ ಇರುತ್ತದೆ. ಹಿಂದಿನ ರ್‍ಯಾಲಿ ಕೆದಕಬೇಕಿಲ್ಲ.

ಸರ್ವಿಸ್ ಮಾಡುವವರು ಪ್ರತಿ ಸಲವೂ ಅಂಕ ಗಟ್ಟಿಯಾಗಿ ಹೇಳಬೇಕು, ತಮ್ಮದು ಮೊದಲು. ಕಿವಿ ಮಂದ ಇರುವವರಿದ್ದರೆ ಬೆರಳಲ್ಲೂ ತೋರಿಸಲಿ. ಗೆರೆಯ ಮೇಲೆ ಬಿದ್ದದ್ದು ಒಳಗೆ. ಒಳಗೋ ಹೊರಗೋ ಹೇಳುವ ಹಕ್ಕು ಆ ಕಡೆ ನಿಂತವರದು, ಆದರೆ ಅನುಮಾನ ಬಂದರೆ ಅಂಕ ಎದುರಿನವರಿಗೆ. ‘ಲೆಟ್’ ಕೊಟ್ಟರೆ, ಅಂದರೆ ಆ ಅಂಕ ಮತ್ತೆ ಆಡಿಸಿದರೆ, ಒಳ್ಳೆಯವರಾಗುತ್ತೇವೆ ಅನ್ನಿಸುತ್ತದೆ. ದಿನಕ್ಕೆ ಇಪ್ಪತ್ತು ಲೆಟ್ ಎಂದರೆ ಅರ್ಧ ಆಟ ಹೋಯಿತು.

ಕೋರ್ಟಿನಲ್ಲಿ ಜನ ಬದಲಾಗುವಾಗ ಸೋರುವ ಎರಡು ಮೂರು ನಿಮಿಷ ಉಳಿಸಲು ಒಂದು ಗುರುತು ಸಾಕು: 21ರ ಆಟದಲ್ಲಿ ಯಾರಾದರೂ 15 ಮುಟ್ಟಿದ ಕೂಡಲೇ ‘ಮುಂದಿನ ಆಟ’ದ ನಾಲ್ವರು ಎದ್ದು ನಿಲ್ಲಬೇಕು. 15ರ ಆಟವಾದರೆ 10ಕ್ಕೆ. ಆ ಮೂರು ನಾಲ್ಕು ನಿಮಿಷದಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು 15 ಸಲ, ಭುಜ ತಿರುಗಿಸುವುದು ಹತ್ತು ಸಲ, ನಿಂತಲ್ಲೇ ಅಕ್ಕಪಕ್ಕ ಹೆಜ್ಜೆ, ಲೇಸು ಬಿಗಿ. ಕೋರ್ಟಿಗೆ ಇಳಿದ ಮೇಲೆ ‘ನಾಕಿಂಗ್’ (ಅಂಕವಿಲ್ಲದ ಅಭ್ಯಾಸದ ಹೊಡೆತ) ಬೇಡ, ನಾಣ್ಯದ ಟಾಸ್ ಬೇಡ. ಗೇಟಿನ ಕಡೆಯವರದು ಮೊದಲ ಸರ್ವಿಸ್.

ಕಾಕ್ ಮತ್ತು ನಮ್ಮ ಬಿಸಿಲು

ಪುಕ್ಕದ ಕಾಕ್‌ನಲ್ಲಿ 16 ಪುಕ್ಕ, ತೂಕ 4.74ರಿಂದ 5.50 ಗ್ರಾಂ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ, ಕಾಕ್ ದೂರ ಹೋಗುತ್ತದೆ. ಜನವರಿಯಲ್ಲಿ ಗೆರೆಯೊಳಗೆ ಬೀಳುತ್ತಿದ್ದ ಎತ್ತರದ ಟಾಸ್ ಹೊಡೆತ ಏಪ್ರಿಲ್‌ನಲ್ಲಿ ಹೊರಗೆ ಬಿದ್ದರೆ ಕೈ ಕೆಟ್ಟಿದೆ ಎಂದುಕೊಳ್ಳಬೇಡಿ. ಡಬ್ಬಿಯ ಮೇಲೆ 75, 76, 77, 78 ಎಂದೋ 1, 2, 3 ಎಂದೋ ವೇಗದ ಸಂಖ್ಯೆ ಇರುತ್ತದೆ; ಸಂಖ್ಯೆ ಕಡಿಮೆಯಾದಷ್ಟೂ ನಿಧಾನ. ಬಳ್ಳಾರಿ, ರಾಯಚೂರಿನ ಬೇಸಿಗೆಗೆ ಒಂದು ಸಂಖ್ಯೆ ಕೆಳಗಿನದು ಬೇಕು. ಅಂಗಡಿಯವರು ವರ್ಷವಿಡೀ ಒಂದೇ ಸಂಖ್ಯೆ ತರಿಸಿರುತ್ತಾರೆ, ಫೆಬ್ರವರಿಯಲ್ಲೇ ಹೇಳಿಡಿ. ಪರೀಕ್ಷೆ ಹೀಗೆ: ಹಿಂದಿನ ಗೆರೆಯ ಮೇಲೆ ನಿಂತು, ಪಕ್ಕದ ಗೆರೆಗೆ ಸಮಾನಾಂತರವಾಗಿ, ಕೈ ಕೆಳಗಿನಿಂದ ಪೂರ್ಣ ಬಲದಲ್ಲಿ ಮೇಲಕ್ಕೆ ಹೊಡೆಯಬೇಕು. ಎದುರಿನ ಹಿಂಗೆರೆಗಿಂತ 53ರಿಂದ 99 ಸೆಂ.ಮೀ. ಒಳಗೆ ಬಿದ್ದರೆ ವೇಗ ಸರಿ. ಹೊಡೆಯುವವರು ನಿಮ್ಮಲ್ಲಿ ತೋಳಲ್ಲಿ ಬಲ ಇರುವವರಾಗಿರಲಿ; ಎಪ್ಪತ್ತೆರಡರ ಮಾಸ್ತರರು ಹೊಡೆದು ಕಾಕ್ ನಿಧಾನ ಎಂದು ತೀರ್ಮಾನಿಸಿದರೆ ಡಬ್ಬಿಗಟ್ಟಲೆ ತಪ್ಪು ಮಾಲು ಬರುತ್ತದೆ.

ವೇಗದಷ್ಟೇ ಕಾಡುವುದು ಒಣ ಹವೆ. ಮಾರ್ಚ್‌ನಿಂದ ಪುಕ್ಕ ಹಪ್ಪಳದಂತಾಗಿ ಎರಡು ಸ್ಮ್ಯಾಶಿಗೇ ಮುರಿಯುತ್ತದೆ. ಹಿಂದಿನ ಸಂಜೆ ಕುದಿಯುವ ನೀರಿನ ಆವಿಯ ಮೇಲೆ, ಎರಡೂ ಮುಚ್ಚಳ ತೆಗೆದ ಡಬ್ಬಿಯನ್ನು ಐದಾರು ಸೆಕೆಂಡ್ ಹಿಡಿಯಿರಿ, ಪುಕ್ಕದ ಬದಿ ಕೆಳಗೆ. ಮುಚ್ಚಿ ರಾತ್ರಿಯಿಡೀ ಇಡಿ. ಅರ್ಧ ನಿಮಿಷ ಹಿಡಿದರೆ ಅಂಟು ಸಡಿಲವಾಗಿ ಪುಕ್ಕ ವಾಲುತ್ತದೆ, ಕಾಕ್ ಕುಡಿದವನಂತೆ ಹೋಗುತ್ತದೆ. ಡಬ್ಬಿಯನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಡಲೇಬೇಡಿ.

ಖರ್ಚು ಹೆಚ್ಚೆನಿಸಿದರೆ ನೈಲಾನ್. ಕಾಕ್ ಬುಡದ ಪಟ್ಟಿಯ ಬಣ್ಣ ನೋಡಿ: ಹಸಿರು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ನಮಗೆ ಹೆಚ್ಚು ತಿಂಗಳು ಹಸಿರೇ. ಸೋಮವಾರದಿಂದ ಶುಕ್ರವಾರ ನೈಲಾನ್, ಶನಿವಾರ-ಭಾನುವಾರ ಪುಕ್ಕ ಎಂದು ಹಂಚಿಕೊಂಡರೆ ಜೇಬಿಗೂ ಕೈಗೂ ನ್ಯಾಯ. ಹೊಸ ಕಾಕ್ ಯಾವಾಗ ತೆಗೆಯಬೇಕು ಎಂಬುದಕ್ಕೂ ನಿಯಮ ಬೇಕು: ಒಂದು ಪುಕ್ಕ ಮುರಿದರೆ ಆಟ ಮುಗಿಯುವ ತನಕ ಅದೇ, ಎರಡು ಮುರಿದರೆ ಬದಲು.

ನೆಲ, ನೆಟ್, ಬೆಳಕು

ಕೋರ್ಟ್ 44 ಅಡಿಗೆ 20 ಅಡಿ. ನೆಟ್ ಕಂಬದ ಹತ್ತಿರ 1.55 ಮೀ., ನಡುವೆ 1.524 ಮೀ., ಅಂದರೆ ಸರಿಯಾಗಿ ಐದು ಅಡಿ. ಒಂದು ಬಿದಿರು ಕೋಲಿಗೆ ಐದು ಅಡಿಯ ಗುರುತು ಹಾಕಿ ಮೂಲೆಯಲ್ಲಿಡಿ, ದಿನವೂ ಮೊದಲು ಬಂದವರು ಅಳೆಯಲಿ. ಅದೇ ಕೋಲಿಗೆ 1.15 ಮೀಟರಿನ ಇನ್ನೊಂದು ಗುರುತು: ಈಗಿನ ನಿಯಮದಂತೆ ಸರ್ವಿಸ್ ಹೊಡೆಯುವಾಗ ಕಾಕ್ ಪೂರ್ತಿಯಾಗಿ ನೆಲದಿಂದ ಅಷ್ಟು ಎತ್ತರದ ಕೆಳಗಿರಬೇಕು. ಕಾಕ್ ಸೊಂಟದ ಕೆಳಗಿರಬೇಕೆಂಬ ಹಳೆಯ ನಿಯಮ ಹಿಡಿದು ಸೊಂಟ ಎಲ್ಲಿದೆ ಎಂಬ ಚರ್ಚೆಗೆ, ಅದರಲ್ಲೂ ಹೊಟ್ಟೆ ಬಂದವರ ಸೊಂಟದ ಚರ್ಚೆಗೆ, ಇದೇ ಉತ್ತರ.

ಎರೆ ನೆಲದ ಮೇಲೆ ಹಾಕಿದ ಸಿಮೆಂಟ್ ಕೋರ್ಟ್ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಮಣ್ಣು ತೆಗೆದು ಮೊರಂ ತುಂಬಿ ದಮ್ಮಸ್ಸು ಮಾಡದೆ ಹಾಕಿಸಬೇಡಿ. ನುಣುಪು ಸಿಮೆಂಟಿನ ಮೇಲೆ ಧೂಳು ಕೂತರೆ ಜಾರುಬಂಡೆ. ಪೊರಕೆ ಧೂಳೆಬ್ಬಿಸುತ್ತದಷ್ಟೇ, ಹಿಂಡಿದ ಒದ್ದೆ ಮಾಪ್ ಎಳೆದು ಹತ್ತು ನಿಮಿಷ ಆರಲು ಬಿಡಿ. ದೀಪಗಳು ಕೋರ್ಟಿನ ಎರಡೂ ಬದಿಗೆ ಇರಲಿ, ಹಿಂದಿನ ಗೆರೆಯ ಮೇಲೆ ಬೇಡ. ಕಣ್ಣಿನ ಪೊರೆ ಶುರುವಾದವರಿಗೆ ತಲೆಯೆತ್ತಿದಾಗ ಎದುರಿನ ಎಲ್‌ಇಡಿ ಕೋರೈಸುತ್ತದೆ, ಕಾಕ್ ಮಾಯವಾಗುತ್ತದೆ. ಹಿಂದಿನ ಗೋಡೆಗೆ ಕಡು ಹಸಿರು ಬಳಿಸಿ. ಕರೆಂಟ್ ಹೋದರೆ ಇದ್ದಲ್ಲೇ ನಿಲ್ಲುವುದು, ಕತ್ತಲಲ್ಲಿ ಆ ರ್‍ಯಾಲಿ ಮುಗಿಸಲು ಹೋಗಬಾರದು. ಬಯಲು ಕೋರ್ಟಾದರೆ ಆಷಾಢದ ಗಾಳಿಗೆ ಬೇರೆ ಮದ್ದಿಲ್ಲ: ಗಾಳಿ ಬೀಸುವ ಆ ದಿನಗಳಿಗೆ ಮುಚ್ಚಿದ ಹಾಲ್ ಬಾಡಿಗೆ ಹಿಡಿಯಬೇಕು, ಅದರ ಹಣ ಮಾರ್ಚ್‌ನಿಂದಲೇ ಎತ್ತಿಡಬೇಕು.

ಮೈ

ಹಿರಿಯರು ಬೀಳುವುದು ಹೆಚ್ಚಾಗಿ ಒಂದೇ ರೀತಿ: ತಲೆಯ ಮೇಲೆ ಹೋದ ಕಾಕ್ ನೋಡುತ್ತ ಹಿಮ್ಮುಖವಾಗಿ ಓಡಿ. ಪಕ್ಕಕ್ಕೆ ತಿರುಗಿ ಹೋಗಲಾಗದಿದ್ದರೆ ಆ ಅಂಕ ಬಿಡಬೇಕು. ಇನ್ನೊಂದು, ಮುಂದೆ ನಿಂತವರು ಕಾಕ್ ಎಲ್ಲಿ ಹೋಯಿತೆಂದು ಹಿಂದೆ ತಿರುಗಿ ನೋಡುವುದು. ಜೊತೆಗಾರರ ಸ್ಮ್ಯಾಶ್ ನೇರ ಕಣ್ಣಿಗೆ. ವಾಕಿಂಗ್ ಶೂ ಹಿಮ್ಮಡಿ ಎತ್ತರ, ಪಕ್ಕಕ್ಕೆ ಹೆಜ್ಜೆ ಹಾಕಿದಾಗ ಕಾಲು ಉಳುಕುತ್ತದೆ. ಗಮ್ ಸೋಲಿನ ಚಪ್ಪಟೆ ಶೂ ಕಡ್ಡಾಯ ಮಾಡಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಇಳಿಯಬಾರದು. ಕೈ ನಡುಕ, ತಣ್ಣನೆ ಬೆವರು, ಕಾರಣವಿಲ್ಲದ ಸಿಟ್ಟು ಕಂಡರೆ ಆಟ ನಿಲ್ಲಿಸಿ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಲ್ಲಿ ಕಲಸಿ ಕೊಡಿ, 15 ನಿಮಿಷ ನೋಡಿ, ಸುಧಾರಿಸದಿದ್ದರೆ ಇನ್ನೊಮ್ಮೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಎದೆ ಬಿಗಿತ, ದವಡೆಗೋ ಎಡಗೈಗೋ ಹಬ್ಬುವ ನೋವು ಬಂದರೆ ‘ಗ್ಯಾಸ್ ಇರಬೇಕು’ ಎನ್ನುತ್ತ ಸೋಡಾ ತರಿಸುವವರೇ ಹೆಚ್ಚು. ಕೂರಿಸಿ 108ಕ್ಕೆ ಕರೆ ಮಾಡಿ. ಕುಸಿದು ಉಸಿರು ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂ.ಮೀ. ಆಳಕ್ಕೆ ಒತ್ತಬೇಕು. ಸದಸ್ಯರಲ್ಲಿ ನಾಲ್ವರಾದರೂ ಇದನ್ನು ಕೈಯಾರೆ ಕಲಿತಿರಲಿ. ಪ್ರತಿ ಬಿಲ್ಲೆಯ ಜೊತೆ ಪುಟ್ಟ ಚೀಟಿ ಇರಲಿ: ರಕ್ತದ ಗುಂಪು, ಮಾತ್ರೆಗಳ ಹೆಸರು, ಮನೆಯವರ ಫೋನ್. ಏಪ್ರಿಲ್, ಮೇನಲ್ಲಿ 5.30ಕ್ಕೆ ಶುರು, 7.15ಕ್ಕೆ ನೆಟ್ ಸಡಿಲ.

ದುಡ್ಡಿನ ವಿಷಯ ಚಿಕ್ಕದು. ಏಳು ಜನರಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬಹುದು, ಕ್ಲಬ್ ಹೆಸರಿನ ಬ್ಯಾಂಕ್ ಖಾತೆಗೆ ಅದು ಅನುಕೂಲ. ಚೆಕ್‌ಗೆ ಇಬ್ಬರ ಸಹಿ. ಕಾಕ್‌ಗೆ ಬೇರೆ ಪುಸ್ತಕ: ತಾರೀಕು, ತೆಗೆದ ಕಾಕ್ ಎಷ್ಟು, ಆಡಿದ ಆಟ ಎಷ್ಟು. ಒಂದು ಕಾಕ್ ಸರಾಸರಿ ಎಷ್ಟು ಆಟ ಬಾಳುತ್ತಿದೆ ಎಂಬುದು ಅಲ್ಲೇ ಕಾಣುತ್ತದೆ. ಅದು ದಿಢೀರನೆ ಅರ್ಧಕ್ಕೆ ಇಳಿದರೆ ಒಣ ಹವೆ, ಕೆಟ್ಟ ಡಬ್ಬಿ, ಅಥವಾ ಯಾರದೋ ಬ್ಯಾಗ್. ಆಟ ಮುಗಿದ ಮೇಲಿನ ಒಗ್ಗರಣೆ-ಮಿರ್ಚಿ ಖರ್ಚು ಈ ಖಾತೆಗೆ ಬರಬಾರದು, ಸೋತವರೇ ಕೊಡಲಿ.

ಗೇಟಿನ ಬೀಗಕ್ಕೆ ಮೂರು ಕೀ ಮಾಡಿಸಿ, ಬೇರೆ ಬೇರೆ ಬಡಾವಣೆಯ ಮೂವರ ಮನೆಯಲ್ಲಿಡಿ. ಕೀ ಇಟ್ಟುಕೊಂಡವರು ಬೆಳಗ್ಗೆ ಬರಲಾಗದಿದ್ದರೆ ಹಿಂದಿನ ರಾತ್ರಿ ಒಂಬತ್ತರೊಳಗೆ ಗ್ರೂಪಿಗೆ ತಿಳಿಸಬೇಕು.