ರಜೆಯ ಲೆಕ್ಕ, ಕಣ್ಣಿನ ಲೆಕ್ಕ: ಹೊರದೇಶದಲ್ಲಿರುವವರು ಕಣ್ಣಿನ ಆಪರೇಷನ್ ಎಲ್ಲಿ ಮಾಡಿಸಿಕೊಳ್ಳಬೇಕು?

ಮಸ್ಕತ್ತಿನಲ್ಲಿ ಕೆಲಸದಲ್ಲಿರುವ ನನ್ನ ಸೋದರಮಾವ ಮಗಳ ಮದುವೆಗೆಂದು ಒಂದು ತಿಂಗಳ ರಜೆ ಹಾಕಿ ಮಳವಳ್ಳಿಗೆ ಬಂದಿದ್ದರು. ಬಲಗಣ್ಣಿನ ಪೊರೆ ತೆಗೆಸುವುದೂ ಆ ರಜೆಯ ಕೆಲಸಗಳಲ್ಲಿ ಒಂದಾಗಿತ್ತು. ಆದರೆ ಮದುವೆ, ಬೀಗರೂಟ, ಮನೆದೇವರ ಹರಕೆ ಎಲ್ಲ ಮುಗಿದು, ವಿಮಾನ ಹತ್ತಲು ಐದು ದಿನ ಉಳಿದಿರುವಾಗ ಅದನ್ನು ಇಟ್ಟುಕೊಂಡಿದ್ದರು. “ಕಾಲು ಗಂಟೆ ಕೆಲ್ಸ ಕಣ್ಲಾ, ಅದಕ್ಯಾಕೆ ಅಷ್ಟೊಂದ್ ಯೋಚ್ನೆ?” ಎಂಬುದು ಅವರ ವಾದ. ಕಾಲು ಗಂಟೆ ಎಂಬ ಮಾತಿನಲ್ಲಿ ಸುಳ್ಳಿಲ್ಲ. ಆಪರೇಷನ್ನೂ ಚೆನ್ನಾಗಿಯೇ ಆಯಿತು. ಮಸ್ಕತ್ತಿಗೆ ಮರಳಿದ ಮೇಲೆ, ಎಂಟನೇ ದಿನ, ಕಣ್ಣು ಕೆಂಪಾಗಿ ನೋಯತೊಡಗಿತು. ಅಲ್ಲಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ ತೆಗೆದ ಪೊರೆಯ ಜಾಗಕ್ಕೆ ಯಾವ ಲೆನ್ಸ್ ಹಾಕಿದ್ದಾರೆ, ಯಾವ ಹನಿ ಬರೆದಿದ್ದಾರೆ ಎಂಬುದು. ಮಾವನ ಕೈಯಲ್ಲಿ ಇದ್ದದ್ದು ಬಿಲ್ಲು ಮಾತ್ರ. ಹನಿಯ ಬಾಟಲಿ ಲಗೇಜಿನಲ್ಲಿ ಎಲ್ಲೋ ಸೇರಿಹೋಗಿ ಎರಡು ದಿನ ಹಾಕಿಕೊಳ್ಳದೇ ಇದ್ದುದರಿಂದ ಆದ ಉರಿಯೂತ ಅದು. ಸೋಂಕಾಗಿರಲಿಲ್ಲ ಎಂಬುದು ಅದೃಷ್ಟ.

ಇಲ್ಲಿ ಮಾಡಿಸಬೇಕೋ ಅಲ್ಲಿ ಮಾಡಿಸಬೇಕೋ ಎಂದು ಯೋಚಿಸುವವರಲ್ಲಿ ಹೆಚ್ಚಿನವರು ಖರ್ಚನ್ನು ಮಾತ್ರ ತೂಗುತ್ತಾರೆ. ಖರ್ಚಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ಆಪರೇಷನ್ ಆದ ನಂತರದ ಒಂದು ತಿಂಗಳು ನಿಮ್ಮ ಕಣ್ಣನ್ನು ನೋಡುವವರು ಯಾರು, ಆಗ ನೀವು ಎಲ್ಲಿರುತ್ತೀರಿ? ಮುಂದಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಯನ್ನು ಹಿಡಿದೇ ಸಾಗುತ್ತವೆ.

ಮೊದಲ ಹೆಜ್ಜೆ: ಕಾಯಬಹುದೇ, ಕಾಯಬಾರದೇ?

ಪೊರೆಯ ಆಪರೇಷನ್ನನ್ನೂ ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆಯನ್ನೂ ಸಾಮಾನ್ಯವಾಗಿ ಕೆಲವು ತಿಂಗಳು ಮುಂದೂಡಬಹುದು. ಎಲ್ಲಿ ಮಾಡಿಸಬೇಕೆಂಬ ಆಯ್ಕೆ ಇರುವುದು ಇಂಥವುಗಳಲ್ಲಿ ಮಾತ್ರ. ಕಣ್ಣಿನ ಮುಂದೆ ಇದ್ದಕ್ಕಿದ್ದಂತೆ ಮಿಂಚು ಹೊಡೆದಂತಾಗುವುದು, ಕಪ್ಪು ಚುಕ್ಕಿಗಳು ಒಮ್ಮೆಲೇ ಹೆಚ್ಚಾಗುವುದು, ಒಂದು ಬದಿಯಿಂದ ಪರದೆ ಇಳಿದಂತೆ ದೃಷ್ಟಿ ಮುಚ್ಚುವುದು ಕಣ್ಣಿನ ಹಿಂಬದಿಯ ಅಕ್ಷಿಪಟಲ (ರೆಟಿನಾ) ಕಳಚುತ್ತಿರುವ ಲಕ್ಷಣಗಳಾಗಿರಬಹುದು. ನೇರ ದೃಷ್ಟಿಗೆ ಬೇಕಾದ ನಡುಭಾಗ ಕಳಚುವ ಮೊದಲೇ ಅದನ್ನು ಕೂಡಿಸಬೇಕಾದುದರಿಂದ, ದುಬೈಯಲ್ಲಿದ್ದರೆ ದುಬೈಯಲ್ಲಿ, ಲಂಡನ್ನಿನಲ್ಲಿದ್ದರೆ ಲಂಡನ್ನಿನಲ್ಲಿ, ಅಂದೇ ವೈದ್ಯರನ್ನು ಕಾಣಬೇಕು. ತೀವ್ರ ಕಣ್ಣುನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆಗಳು ಕಾಣುವ ಹಠಾತ್ ಗ್ಲಾಕೋಮಾಕ್ಕೂ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಕಣ್ಣಿಗೆ ಬಿದ್ದ ಪೆಟ್ಟಿಗೂ ಇದೇ ಮಾತು. ಇಂಥ ಹೊತ್ತಿನಲ್ಲಿ “ಊರಿಗೆ ಹೋಗಿ ತೋರಿಸೋಣ” ಎಂದು ಟಿಕೆಟ್ಟು ಹುಡುಕುವುದು ದೃಷ್ಟಿಗೇ ಕುತ್ತು ತಂದೀತು.

ಪೊರೆಯ ವಿಷಯದಲ್ಲಿ ನಮ್ಮ ಕಡೆ ಇನ್ನೂ ಉಳಿದಿರುವ ಎರಡು ನಂಬಿಕೆಗಳನ್ನು ಇಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಪೊರೆ ಪೂರ್ತಿ ಹಣ್ಣಾಗಲಿ ಎಂದು ಕಾಯುವ ಅಗತ್ಯ ಈಗಿಲ್ಲ. ಬಲಿತು ಗಟ್ಟಿಯಾದ ಪೊರೆಯನ್ನು ಅಲ್ಟ್ರಾಸೌಂಡ್ ಅಲೆಗಳಿಂದ ಒಡೆದು ಹೀರುವುದೇ ಹೆಚ್ಚು ಕಷ್ಟ. ಚಳಿಗಾಲದಲ್ಲೇ ಮಾಡಿಸಬೇಕೆಂಬ ನಿಯಮವೂ ಇಲ್ಲ. ಹಾಗಾಗಿ ಯಾವ ತಿಂಗಳು ಎಂಬುದನ್ನು ನಿಮ್ಮ ರಜೆಯೇ ತೀರ್ಮಾನಿಸಲಿ.

ಎರಡನೇ ಹೆಜ್ಜೆ: ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರುವುದು

ಸಂಯುಕ್ತ ಅರಬ್ ಸಂಸ್ಥಾನದ ಕಾರ್ಮಿಕ ಕಾನೂನಿನಂತೆ ವರ್ಷಕ್ಕೆ 30 ದಿನ ರಜೆ ಸಿಗುತ್ತದೆ. ಆ 30 ದಿನಗಳನ್ನೇ ಉದಾಹರಣೆಯಾಗಿ ಹಿಡಿಯೋಣ. ಒಂದು ಕಣ್ಣಿನ ಪೊರೆ ತೆಗೆದರೆ ಮರುದಿನ ಒಮ್ಮೆ, ವಾರದ ಸುಮಾರಿಗೆ ಒಮ್ಮೆ, ನಾಲ್ಕರಿಂದ ಆರು ವಾರದೊಳಗೆ ಒಮ್ಮೆ ವೈದ್ಯರು ನೋಡುವುದು ವಾಡಿಕೆ. ಹನಿಗಳನ್ನು ನಾಲ್ಕರಿಂದ ಆರು ವಾರ ಹಾಕಬೇಕಾಗುತ್ತದೆ; ಕನ್ನಡಕ ಬೇಕಾದರೆ ಅದರ ಪವರ್ ನಿಲ್ಲುವುದೂ ಆಗಲೇ. ಆಪರೇಷನ್ನಿನ ನಂತರದ ತೀವ್ರ ಸೋಂಕು ಅಪರೂಪ, ಸಾವಿರದಲ್ಲಿ ಒಬ್ಬರಿಗೂ ಆಗುವುದಿಲ್ಲ. ಆದರೆ ಒಂದು ವೇಳೆ ಆದರೆ, ಹೆಚ್ಚಾಗಿ ಮೊದಲ ವಾರದಲ್ಲೇ ಆಗುತ್ತದೆ, ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಡುತ್ತದೆ. ಆದ್ದರಿಂದ ಊರಿಗೆ ಬಂದ ಎರಡು ಮೂರು ದಿನಗಳಲ್ಲಿ ತಪಾಸಣೆ, ಮೊದಲ ವಾರ ಮುಗಿಯುವುದರೊಳಗೆ ಆಪರೇಷನ್, ಉಳಿದ ಮೂರು ವಾರ ಊರಿನಲ್ಲೇ ಎಂಬುದು ಒಂದು ತಿಂಗಳ ರಜೆಗೆ ಹೊಂದುವ ಲೆಕ್ಕ. ಮದುವೆ ಬೀಗರೂಟಗಳು ಇದರ ಸುತ್ತ ಹೊಂದಿಕೊಳ್ಳಬೇಕೇ ಹೊರತು ಇದು ಅವುಗಳ ಬಾಲಕ್ಕೆ ಬರಬಾರದು.

ಎರಡೂ ಕಣ್ಣಿಗೆ ಬೇಕಾಗಿದ್ದರೆ ಎರಡರ ನಡುವೆ ಕೆಲವು ದಿನಗಳಿಂದ ಕೆಲವು ವಾರಗಳ ಅಂತರ ಬಿಡುವುದು ಸಾಮಾನ್ಯ. ಆಗ ಒಂದು ತಿಂಗಳ ರಜೆ ಬಿಗಿಯಾಗುತ್ತದೆ. ಈ ರಜೆಗೆ ಒಂದು, ಮುಂದಿನ ರಜೆಗೆ ಇನ್ನೊಂದು ಎಂದು ಮಾಡಿಕೊಳ್ಳಬಹುದು. ಆದರೆ ಪವರ್ ಬಹಳ ಹೆಚ್ಚಿರುವವರಿಗೆ ಎರಡು ಕಣ್ಣಿನ ಪವರಿನ ನಡುವೆ ದೊಡ್ಡ ವ್ಯತ್ಯಾಸ ಉಳಿದು, ವರ್ಷವಿಡೀ ತಲೆನೋವಾಗುವ ಸಂಭವವಿದೆ. ಅಂಥವರಿಗೆ ರಜೆ ಉದ್ದ ಮಾಡಿಕೊಳ್ಳುವುದು ಇಲ್ಲವೇ ಇರುವ ದೇಶದಲ್ಲೇ ಮಾಡಿಸಿಕೊಳ್ಳುವುದು ಮೇಲು.

ಲೇಸರಿಗೆ ಬರುವವರು ಹೊರಡುವ ಮೊದಲೇ ಒಂದು ತಯಾರಿ ಮಾಡಿಕೊಂಡಿರಬೇಕು. ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಆಕಾರವನ್ನು ಒತ್ತಿ ಬದಲಿಸುವುದರಿಂದ, ಅಳತೆಗೆ ಮೊದಲು ಮೆತ್ತನೆಯ ಲೆನ್ಸನ್ನು ಕನಿಷ್ಠ ಒಂದೆರಡು ವಾರ, ಗಟ್ಟಿ ಲೆನ್ಸನ್ನು ಮೂರು ನಾಲ್ಕು ವಾರ ತೆಗೆದಿಟ್ಟಿರಬೇಕಾಗುತ್ತದೆ. ವಿಮಾನ ಇಳಿದ ಮೇಲೆ ತೆಗೆದರೆ ಅರ್ಧ ರಜೆ ಅದಕ್ಕೇ ಹೋಯಿತು. ವಯಸ್ಸು 18 ದಾಟಿರಬೇಕು, ಪವರ್ ಒಂದು ವರ್ಷದಿಂದ ಬದಲಾಗಿರಬಾರದು. ಕಾರ್ನಿಯಾದ ದಪ್ಪ ಸರಾಸರಿ 540 ಮೈಕ್ರಾನ್ ಆಸುಪಾಸು. ಅದು ತೀರ ತೆಳ್ಳಗಿದ್ದರೆ, ಇಲ್ಲವೇ ಶಂಕುವಿನಂತೆ ಉಬ್ಬುವ ಸೂಚನೆಯಿದ್ದರೆ ಲೇಸರ್ ಬೇಡವೆಂದು ವೈದ್ಯರು ಹೇಳುತ್ತಾರೆ. ಹಾಗೆ ಹೇಳಿದವರ ಮೇಲೆ ಬೇಸರಿಸದೆ, ರಜೆ ಮುಗಿಯುತ್ತಿದೆಯೆಂದು ಇನ್ನೊಂದು ಕಡೆ ಹೋಗಿ ಒಪ್ಪಿಸದೆ, ಸುಮ್ಮನೆ ಕನ್ನಡಕ ಹಾಕಿಕೊಳ್ಳುವುದು ಜಾಣತನ. ನಲವತ್ತು ದಾಟಿದವರಿಗೆ ಇನ್ನೊಂದು ಮಾತು: ದೂರದ ದೃಷ್ಟಿಗೆ ಲೇಸರ್ ಮಾಡಿಸಿದರೂ ಚಾಳೀಸು ತಪ್ಪುವುದಿಲ್ಲ.

ದಸರಾಕ್ಕೆಂದು ಬರುವವರು ಆಸ್ಪತ್ರೆಯ ರಜೆಗಳನ್ನೂ ಕೇಳಿಕೊಳ್ಳಬೇಕು. ಆಯುಧಪೂಜೆಯ ಹಿಂದಿನ ದಿನ ಆಪರೇಷನ್ ಮಾಡಿಸಿಕೊಂಡು, ಮರುದಿನ ಕಟ್ಟು ಬಿಚ್ಚಿಸಲು ಹೋದರೆ ಬಾಗಿಲಿಗೆ ಬೂದುಗುಂಬಳಕಾಯಿ ಮಾತ್ರ ಕಂಡೀತು.

ಮೂರನೇ ಹೆಜ್ಜೆ: ಖರ್ಚು ಮತ್ತು ವಿಮೆ

ಬ್ರಿಟನ್ನಿನಲ್ಲಿ ನೆಲೆಸಿದವರಿಗೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಪೊರೆಯ ಆಪರೇಷನ್ ಉಚಿತ, ಆದರೆ ಸರದಿ ಕಾಯಬೇಕು. ಅಮೆರಿಕದ ವಿಮೆಗಳು ಪೊರೆಯನ್ನು ವೈದ್ಯಕೀಯ ಅಗತ್ಯವೆಂದು ಒಪ್ಪಿ ಸಾಮಾನ್ಯ ಲೆನ್ಸಿನ ಖರ್ಚು ಕೊಡುತ್ತವೆ; ದುಬಾರಿ ಲೆನ್ಸ್ ಬೇಕೆಂದರೆ ಮೇಲಿನ ಹಣ ನಿಮ್ಮದು. ಲೇಸರಿಗೆ ಸಾಮಾನ್ಯವಾಗಿ ಎಲ್ಲೂ ವಿಮೆ ಸಿಗುವುದಿಲ್ಲ. ಕೊಲ್ಲಿ ದೇಶಗಳಲ್ಲಿ ಕಂಪನಿ ಮಾಡಿಸಿಕೊಟ್ಟ ವಿಮೆಯ ಪಟ್ಟಿಯನ್ನು ಓದದೆ ಯಾವ ತೀರ್ಮಾನಕ್ಕೂ ಬರಬೇಡಿ. ಪೊರೆಗೆ ಅದರಲ್ಲಿ ಅವಕಾಶವಿದ್ದರೆ, ಊರಿನಲ್ಲಿ ಅಗ್ಗ ಎಂಬ ಲೆಕ್ಕವೇ ತಲೆಕೆಳಗಾಗುತ್ತದೆ.

ಇತ್ತ, ರಜೆಗೆ ಬಂದಾಗ ಇಲ್ಲೊಂದು ಆರೋಗ್ಯ ವಿಮೆ ಕೊಂಡು ಅದರಲ್ಲಿ ಪೊರೆ ತೆಗೆಸುತ್ತೇನೆ ಎಂದುಕೊಂಡವರಿಗೆ ನಿರಾಸೆ ಕಾದಿದೆ. ನಮ್ಮ ಪಾಲಿಸಿಗಳಲ್ಲಿ ಪೊರೆಗೆ ಸಾಮಾನ್ಯವಾಗಿ ಎರಡು ವರ್ಷದ ಕಾಯುವ ಅವಧಿ ಇರುತ್ತದೆ. 2020ರಲ್ಲಿ ಬಂದ ‘ಆರೋಗ್ಯ ಸಂಜೀವನಿ’ ಎಂಬ ಏಕರೂಪದ ಪಾಲಿಸಿಯಲ್ಲಿ ಒಂದು ಕಣ್ಣಿಗೆ ವಿಮಾ ಮೊತ್ತದ ಶೇ 25 ಅಥವಾ 40,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಸಿಗುತ್ತದೆ. ಪವರ್ 7.5 ಡಯಾಪ್ಟರಿಗಿಂತ ಕಡಿಮೆಯಿದ್ದರೆ ಲೇಸರಿಗೆ ವಿಮೆ ಬರುವುದಿಲ್ಲ.

ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೊರಡುವ ಮೈಸೂರಿನ ಕುವೆಂಪುನಗರದ ಅಪ್ಪ ಅಮ್ಮಂದಿರು ಹೊರದೇಶದ ನಿವಾಸಿಗಳಲ್ಲದಿದ್ದರೂ ಈ ಲೆಕ್ಕದಿಂದ ಹೊರಗಿಲ್ಲ. ಸಂದರ್ಶಕರ ವಿಮೆಗಳು ಮೊದಲೇ ಇದ್ದ ಕಾಯಿಲೆಯನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಅವರು ಪೊರೆ ಇದೆಯೆಂದು ಗೊತ್ತಿದ್ದರೆ ಹೊರಡುವ ಎರಡು ತಿಂಗಳ ಮೊದಲೇ ಇಲ್ಲಿ ಮುಗಿಸಿಕೊಂಡು ಹೋಗಲಿ.

ನಾಲ್ಕನೇ ಹೆಜ್ಜೆ: ಆಸ್ಪತ್ರೆಯಲ್ಲಿ ಕೇಳುವುದು, ಹೇಳುವುದು

ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ, ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗಳಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ನೇತ್ರ ವಿಭಾಗಗಳಿವೆ. ಎರಡೂ ಊರುಗಳಲ್ಲಿ ಖಾಸಗಿ ಕಣ್ಣಿನ ಆಸ್ಪತ್ರೆಗಳೂ ಇವೆ. ಖಾಸಗಿ ಆಸ್ಪತ್ರೆಯಾದರೆ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿ ಪತ್ರವನ್ನೂ ದರಗಳನ್ನೂ ಕಾಣುವಂತೆ ಹಾಕಿರಬೇಕು. ಮೊದಲು ಅದನ್ನು ನೋಡಿ. ಆಪರೇಷನ್ ಮಾಡುವವರೇ ಮರುದಿನವೂ ನೋಡುತ್ತಾರೆಯೇ, ರಾತ್ರಿ ನೋವು ಬಂದರೆ ಯಾರಿಗೆ ಫೋನ್ ಮಾಡಬೇಕು, ಅಕ್ಷಿಪಟಲದ ತಜ್ಞರು ಅಲ್ಲೇ ಇದ್ದಾರೆಯೇ ಅಥವಾ ಬೆಂಗಳೂರಿಗೆ ಓಡಬೇಕೇ ಎಂದು ಕೇಳಿ. ಈ ಮೂರು ಪ್ರಶ್ನೆಗಳಿಗೆ ನೇರ ಉತ್ತರ ಸಿಗದ ಕಡೆ ರಿಯಾಯಿತಿ ಎಷ್ಟೇ ಇದ್ದರೂ ನಾನಾದರೆ ಒಪ್ಪುವುದಿಲ್ಲ.

ಲೆನ್ಸ್ ಆಯ್ಕೆಯಲ್ಲಿ ನೀವು ಮಾಡುವ ಕೆಲಸವೇ ದಾರಿ ತೋರಿಸಬೇಕು. ದೂರ ಹತ್ತಿರ ಎರಡನ್ನೂ ತೋರಿಸುವ ಮಲ್ಟಿಫೋಕಲ್ ಲೆನ್ಸಿನಲ್ಲಿ ಕನ್ನಡಕದ ಹಂಗು ಕಡಿಮೆಯಾದರೂ ರಾತ್ರಿ ಎದುರಿನ ದೀಪದ ಸುತ್ತ ಪ್ರಭೆ ಕಾಣಬಹುದು. ರಿಯಾದಿನ ಹೆದ್ದಾರಿಯಲ್ಲಿ ರಾತ್ರಿ ಟ್ರೈಲರ್ ಓಡಿಸುವವನಿಗೂ ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವನಿಗೂ ಒಂದೇ ಲೆನ್ಸ್ ಒಪ್ಪುವುದಿಲ್ಲ. ಚಾಲಕನಿಗೆ ಒಂದೇ ದೂರದ ಸಾಮಾನ್ಯ ಲೆನ್ಸ್ ಹೆಚ್ಚು ಭರವಸೆಯದು. ಓದಲು ಕನ್ನಡಕ ಇಟ್ಟುಕೊಂಡರಾಯಿತು.

ನೀವಾಗಿ ಹೇಳಬೇಕಾದವೂ ಇವೆ. ಸಕ್ಕರೆ ಕಾಯಿಲೆ, ಬಿ.ಪಿ.ಯನ್ನು ಎಲ್ಲರೂ ಹೇಳುತ್ತಾರೆ. ಪ್ರಾಸ್ಟೇಟ್ ತೊಂದರೆಗೆ ನುಂಗುವ ಟ್ಯಾಮ್ಸುಲೋಸಿನ್ ಮಾತ್ರೆಯನ್ನು ಕಣ್ಣಿನ ಡಾಕ್ಟರ ಮುಂದೆ ಯಾರೂ ಹೇಳುವುದಿಲ್ಲ. ಆ ಮಾತ್ರೆಯಿಂದ ಕಣ್ಣಿನ ಪಾಪೆಯ ಸುತ್ತಲ ಪರದೆ ಸಡಿಲವಾಗಿ, ಆಪರೇಷನ್ ನಡುವೆ ಪಾಪೆ ಕಿರಿದಾಗಿಬಿಡುತ್ತದೆ. ಮೊದಲೇ ಗೊತ್ತಿದ್ದರೆ ವೈದ್ಯರು ಅದಕ್ಕೆ ಸಿದ್ಧರಾಗಿರುತ್ತಾರೆ. ಹಿಂದೆಂದೋ ಹೊರದೇಶದಲ್ಲಿ ಲೇಸರ್ ಮಾಡಿಸಿದ್ದರೆ ಅದನ್ನೂ ಹೇಳಿ, ಹಳೆಯ ಪವರಿನ ಚೀಟಿ ಕೊಡಿ. ಲೇಸರ್ ಆದ ಕಾರ್ನಿಯಾದ ಅಳತೆಯಿಂದ ಹೊಸ ಲೆನ್ಸಿನ ಪವರ್ ಲೆಕ್ಕ ಹಾಕುವಾಗ ಎಡವುವುದು ಸುಲಭ.

ಐದನೇ ಹೆಜ್ಜೆ: ಮನೆಯ ಆರೈಕೆ

ಊರಿನ ಪರವಾಗಿ ತಕ್ಕಡಿ ತೂಗುವುದು ಬಹುಮಟ್ಟಿಗೆ ಇಲ್ಲಿ. ಪಾಳಿಯಲ್ಲಿ ದುಡಿಯುವ ಆರು ಮಂದಿ ಮಲಗುವ ಬ್ಯಾಚುಲರ್ ರೂಮಿನಲ್ಲಿ ದಿನಕ್ಕೆ ನಾಲ್ಕಾರು ಸಲ ಕೈ ತೊಳೆದು ಬಂದು ಹನಿ ಹಾಕುವವರು ಯಾರು? ಮನೆಯಲ್ಲಾದರೆ ಹೆಂಡತಿಯೋ ಮಗಳೋ ಕೆಳರೆಪ್ಪೆ ಎಳೆದು, ಬಾಟಲಿಯ ತುದಿ ಕಣ್ಣಿಗೆ ತಾಗದಂತೆ ಒಂದು ತೊಟ್ಟು ಬಿಟ್ಟು, ಇನ್ನೊಂದು ಔಷಧಿಗೆ ಐದು ನಿಮಿಷ ಬಿಡುತ್ತಾರೆ. ವೈದ್ಯರು ಹೇಳುವವರೆಗೆ ತಲೆಗೆ ನೀರು ಹಾಕಿಕೊಳ್ಳಬಾರದು, ಕಣ್ಣುಜ್ಜಬಾರದು.

ಆದರೆ ಮಂಡ್ಯ ಸೀಮೆಯ ಮನೆಗೂ ಅದರದೇ ಅಪಾಯಗಳಿವೆ. ಕಬ್ಬು ಕಡಿಯುವ ಕಾಲದಲ್ಲಿ ರಜೆಗೆ ಬಂದವರು ಗದ್ದೆ ಕಡೆ ಹೋಗದೆ ಇರಲಾರರು. ಕಬ್ಬಿನ ಗರಿ ಕಣ್ಣಿಗೆ ಗೀರಿದರೆ ಶಿಲೀಂಧ್ರದ ಸೋಂಕು ತಗಲಬಹುದು. ಅದು ಆರೋಗ್ಯವಂತ ಕಣ್ಣಿಗೇ ಕಷ್ಟ. ಆಲೆಮನೆಯ ಹೊಗೆ, ಒಕ್ಕಣೆಯ ದೂಳು, ಎರಡರಿಂದಲೂ ಮೂರು ನಾಲ್ಕು ವಾರ ದೂರವಿದ್ದು, ಹೊರಗೆ ಹೋಗುವಾಗ ಬದಿ ಮುಚ್ಚಿದ ಕಪ್ಪು ಕನ್ನಡಕ ಹಾಕಿಕೊಳ್ಳಬೇಕು.

ಆರನೇ ಹೆಜ್ಜೆ: ವಿಮಾನ

ತೊಡಕಿಲ್ಲದ ಪೊರೆ ಅಥವಾ ಲೇಸರಿನ ನಂತರ ವಿಮಾನದೊಳಗಿನ ಗಾಳಿಯ ಒತ್ತಡದಿಂದ ಕಣ್ಣಿಗೆ ಕೇಡಿಲ್ಲ. ಒಣಗಾಳಿಗೆ ಕಣ್ಣು ಉರಿಯುತ್ತದೆ, ಅಷ್ಟೆ. ತಡೆದು ಹೋಗಿ ಎನ್ನುವುದು ಮರುತಪಾಸಣೆಗಾಗಿ.

ಕಳಚಿದ ಅಕ್ಷಿಪಟಲ ಕೂಡಿಸಿ, ಅದನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಅನಿಲದ ಗುಳ್ಳೆ ಬಿಟ್ಟಿದ್ದರೆ ಕಥೆಯೇ ಬೇರೆ. ವಿಮಾನ ಎಷ್ಟೇ ಎತ್ತರದಲ್ಲಿದ್ದರೂ ಒಳಗಿನ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ, ಮೈಸೂರು 770ರ ಆಸುಪಾಸಿನಲ್ಲಿ. ಅಂದರೆ ಕಣ್ಣೊಳಗಿನ ಗುಳ್ಳೆಗೆ ಬೆಂಗಳೂರಿನಲ್ಲಿ ವಿಮಾನ ಹತ್ತುವುದೂ ಮೈಸೂರಿನಿಂದ ಊಟಿಯ ಬಸ್ಸು ಹತ್ತುವುದೂ ಬಹುಮಟ್ಟಿಗೆ ಒಂದೇ: ಎರಡರಲ್ಲೂ ಅದು ಐದನೇ ಒಂದು ಪಾಲಿನಷ್ಟು ಹಿಗ್ಗಿ, ಕಣ್ಣಿನ ಒತ್ತಡ ಏರಿ, ನೋವಿನ ಜೊತೆಗೆ ದೃಷ್ಟಿಯನ್ನೇ ಕೊಂಡೊಯ್ಯಬಹುದು. ಎಸ್‌ಎಫ್6 ಎಂಬ ಅನಿಲ ಕರಗಲು ಎರಡು ವಾರದಷ್ಟು, ಸಿ3ಎಫ್8 ಕರಗಲು ಆರರಿಂದ ಎಂಟು ವಾರ ಬೇಕು. ಗುಳ್ಳೆ ಪೂರ್ತಿ ಹೋಗಿದೆಯೆಂದು ವೈದ್ಯರು ಹೇಳದೆ ವಿಮಾನವೂ ಬೇಡ, ಘಟ್ಟವೂ ಬೇಡ. ಹಿಂತಿರುಗುವ ದಿನ ಬದಲಿಸಲಾಗದವರು ಇದನ್ನು ಆಪರೇಷನ್ನಿಗೆ ಮೊದಲೇ ಹೇಳಿದರೆ, ಕೆಲವರಿಗೆ ಅನಿಲದ ಬದಲು ಸಿಲಿಕೋನ್ ಎಣ್ಣೆ ತುಂಬಿಸುವ ದಾರಿಯಿರುತ್ತದೆ. ಅದನ್ನು ತೆಗೆಸಲು ಮುಂದೆ ಇನ್ನೊಂದು ಆಪರೇಷನ್ ಬೇಕಾಗುತ್ತದೆ.

ಕೊನೆಯದು: ಕಾಗದಪತ್ರ

ಕಣ್ಣಿಗೆ ಹಾಕುವ ಪ್ರತಿ ಲೆನ್ಸಿನ ಪೆಟ್ಟಿಗೆಯಲ್ಲೂ ಮಾದರಿ, ಪವರ್, ಕ್ರಮಸಂಖ್ಯೆ ಅಚ್ಚಾದ ಪುಟ್ಟ ಸ್ಟಿಕ್ಕರುಗಳಿರುತ್ತವೆ. ಒಂದನ್ನು ನಿಮ್ಮ ಡಿಸ್ಚಾರ್ಜ್ ಸಮ್ಮರಿಗೆ ಅಂಟಿಸಿಕೊಡುವಂತೆ ಕೇಳಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆಪರೇಷನ್ನಿಗೆ ಮೊದಲು ತೆಗೆದ ಅಳತೆಗಳ ಪ್ರತಿಯನ್ನೂ ಪಡೆಯಿರಿ. ಹನಿಗಳ ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ಚೀಟಿಯಲ್ಲಿ ಔಷಧಿಯ ಮೂಲ ಹೆಸರನ್ನೇ ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳಲ್ಲಿ ಬರೆಸಿ. ಬಾಟಲಿಗಳು ಕೈಚೀಲದಲ್ಲೇ ಇರಲಿ.

ಆಪರೇಷನ್ ಆಗಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಲೆನ್ಸಿನ ಹಿಂದಿನ ಪದರ ಮಸುಕಾಗಿ, ಪೊರೆ ಮತ್ತೆ ಬಂತೇನೋ ಎಂಬಂತೆ ಮಂಜಾಗುವುದುಂಟು. ಅದಕ್ಕೆ ಯಾಗ್ ಲೇಸರ್ ಎಂಬ ಕೆಲವೇ ನಿಮಿಷಗಳ ಚಿಕಿತ್ಸೆ ಇದೆ. ಕೊಯ್ಯುವುದೂ ಇಲ್ಲ, ಹೊಲಿಯುವುದೂ ಇಲ್ಲ. ಅದೊಂದಕ್ಕಾಗಿ ಟಿಕೆಟ್ಟು ಕೊಂಡು ಊರಿಗೆ ಬರಬೇಕಾಗಿಲ್ಲ. ಆ ಸ್ಟಿಕ್ಕರಿನ ಫೋಟೊ ಹಿಡಿದು, ಇರುವ ಊರಿನ ಕಣ್ಣಿನ ಡಾಕ್ಟರ ಬಳಿಗೇ ಹೋಗಬಹುದು.